ಹೋದ ವರ್ಷದ ಪಟ್ಟಿ, ಈ ವರ್ಷದ ತಂಡ

ಕೊನೆಯ ಸ್ಥಾನದಿಂದ ಪ್ರಶಸ್ತಿಗೆ, ಪ್ರಶಸ್ತಿಯಿಂದ ಮತ್ತೆ ಕೊನೆಯ ಸ್ಥಾನಕ್ಕೆ. ಐದೇ ಆವೃತ್ತಿಗಳಲ್ಲಿ ಗಚ್ಚಿಬೌಲಿಯ ತಂಡ ಎರಡನ್ನೂ ಕಂಡಿತು. ಕಾಲೇಜು ಫುಟ್‌ಬಾಲ್ ಋತುವಿಗೆ ಮುನ್ನ ಎದುರಾಳಿಯ ಬಲ ಅಳೆಯಲು ಕೂರುವವರು ಈ ಏರಿಳಿತವನ್ನು ಒಮ್ಮೆ ನೋಡಲೇಬೇಕು.

ಶುಕ್ರವಾರ, 29 ನವೆಂಬರ್ 2019. ಹೈದರಾಬಾದಿನ ಗಚ್ಚಿಬೌಲಿಯಲ್ಲಿರುವ ಜಿ.ಎಂ.ಸಿ. ಬಾಲಯೋಗಿ ಕ್ರೀಡಾಂಗಣದ ತುಂಬ ಹೊನಲು ಬೆಳಕು. ಅತಿಥಿಗಳಾಗಿ ಬಂದವರು ಬೆಂಗಳೂರು ಎಫ್‌ಸಿ, ಇಂಡಿಯನ್ ಸೂಪರ್ ಲೀಗ್‌ನ ಹಾಲಿ ಚಾಂಪಿಯನ್ನರು. ಆತಿಥೇಯರು ಹೈದರಾಬಾದ್ ಎಫ್‌ಸಿ, ಆ ವರ್ಷವಷ್ಟೇ ಹುಟ್ಟಿದ ತಂಡ. ಲೀಗ್‌ನ ತಮ್ಮ ಮೊದಲ ಪಂದ್ಯದಲ್ಲೇ ಕೋಲ್ಕತ್ತದಲ್ಲಿ 0–5ರಿಂದ ಸೋತು ಬಂದವರು.

ಪ್ರೇಕ್ಷಕರು ಸರಿಯಾಗಿ ಕೂತೂ ಇರಲಿಲ್ಲ, ಸುನಿಲ್ ಚೆಟ್ರಿ ಗೋಲು ಹೊಡೆದಾಗಿತ್ತು. ಮುಂದಿನದು ಲೆಕ್ಕ ಹಾಕಿದಷ್ಟೇ ಸಲೀಸು ಅನ್ನಿಸಿತು. ಆದರೆ ಎರಡನೇ ಗೋಲು ಬರಲೇ ಇಲ್ಲ. ಆಟ ಇಂಜುರಿ ಟೈಮ್‌ಗೆ ಜಾರಿತು. ಆಗ ರಾಬಿನ್ ಸಿಂಗ್ ಚೆಂಡನ್ನು ಬಲೆಯೊಳಗೆ ತಳ್ಳಿದರು. ಒಂದು ಕಾಲದಲ್ಲಿ ಬೆಂಗಳೂರಿಗೇ ಆಡಿ ಐ–ಲೀಗ್ ಗೆದ್ದುಕೊಟ್ಟ ತಂಡದಲ್ಲಿದ್ದವರು ಅವರು. ಪಂದ್ಯ 1–1.

ಅದನ್ನು ನೋಡಿ ಹೈದರಾಬಾದ್ ಬಲಿಷ್ಠ ತಂಡವೆಂದು ಯಾರೂ ಹೇಳಲಿಲ್ಲ. ಹೇಳಲು ಕಾರಣವೂ ಇರಲಿಲ್ಲ. ಆವೃತ್ತಿ ಮುಗಿದಾಗ ಅವರು ಹತ್ತು ತಂಡಗಳಲ್ಲಿ ಹತ್ತನೆಯವರು. 18 ಪಂದ್ಯ, 2 ಗೆಲುವು, 10 ಪಾಯಿಂಟ್.

ಎರಡು ವರ್ಷ ನಾಲ್ಕು ತಿಂಗಳು ಕಳೆಯುವುದರೊಳಗೆ ಅದೇ ತಂಡ ದೇಶದ ಚಾಂಪಿಯನ್ ಆಗಿತ್ತು.

ಪ್ರತಿವರ್ಷ ಕಾಲೇಜುಗಳಲ್ಲಿ ಆಯ್ಕೆ ಟ್ರಯಲ್ಸ್ ಶುರುವಾಗುವ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ: ಈ ಸಲ ಎದುರಿನವರು ಹೇಗಿದ್ದಾರೆ? ಕ್ಯಾಂಟೀನಿನಲ್ಲಿ, ಹಾಸ್ಟೆಲ್ ಕೋಣೆಯಲ್ಲಿ, ಪಿ.ಡಿ. ಸರ್ ಕೊಠಡಿಯ ಮುಂದಿನ ಬೆಂಚಿನ ಮೇಲೆ ಇದೇ ಮಾತು. ಉತ್ತರವೂ ಬಹುಮಟ್ಟಿಗೆ ಒಂದೇ. ಹೋದ ವರ್ಷ ಅವರು ಸೆಮಿಫೈನಲ್ ಆಡಿದ್ದರು, ಹಾಗಾಗಿ ಗಟ್ಟಿ. ಇವರು ಮೊದಲ ಸುತ್ತಿನಲ್ಲೇ ಹೋದರು, ಹಾಗಾಗಿ ಸುಲಭ. ಈ ಉತ್ತರವನ್ನು ನಂಬಬಾರದು ಎನ್ನುವುದಕ್ಕೆ ಗಚ್ಚಿಬೌಲಿಗಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ.

ಸೋತವರ ಕೊನೆಯ ಪಂದ್ಯ

ಹೈದರಾಬಾದ್ ಎಫ್‌ಸಿ ಮೇಲೇರುತ್ತದೆ ಎನ್ನುವ ಸುಳಿವು ಮೊದಲೇ ಸಿಕ್ಕಿತ್ತೇ? ಸಿಕ್ಕಿತ್ತು. ಯಾರೂ ನೋಡದ ಜಾಗದಲ್ಲಿ ಬಿದ್ದಿತ್ತು.

ಕೊನೆಯ ಸ್ಥಾನ ಖಚಿತವಾದ ಮೇಲೆ, ಫೆಬ್ರುವರಿ 2020ರಲ್ಲಿ, ತಂಡ ನಾರ್ತ್‌ಈಸ್ಟ್ ಯುನೈಟೆಡ್ ವಿರುದ್ಧ ತನ್ನ ಕಟ್ಟಕಡೆಯ ಪಂದ್ಯ ಆಡಿತು. ಗೆದ್ದರೂ ಸೋತರೂ ಪಟ್ಟಿ ಬದಲಾಗುತ್ತಿರಲಿಲ್ಲ. ಹೈದರಾಬಾದ್ 5–1ರಿಂದ ಗೆದ್ದಿತು. ಎರಡು ಗೋಲು ಗೋವಾದ ಯುವಕ ಲಿಸ್ಟನ್ ಕೊಲಾಸೊ ಅವರದು, ಒಂದು ಮಣಿಪುರದ ಮೊಹಮ್ಮದ್ ಯಾಸಿರ್ ಅವರದು.

ಕೋಚ್ ಫಿಲ್ ಬ್ರೌನ್ ಆ ಹೊತ್ತಿಗಾಗಲೇ ಹೊರಟುಹೋಗಿದ್ದರು. ಮುಂದಿನ ವರ್ಷಕ್ಕೆಂದು ಗೊತ್ತುಮಾಡಿಕೊಂಡಿದ್ದವರು ಆಲ್ಬರ್ಟ್ ರೋಕಾ. ಬೆಂಗಳೂರಿನವರಿಗೆ ಈ ಹೆಸರು ಹೊಸದಲ್ಲ, 2016ರಲ್ಲಿ ಬೆಂಗಳೂರು ಎಫ್‌ಸಿಯನ್ನು ಎಎಫ್‌ಸಿ ಕಪ್ ಫೈನಲ್‌ಗೆ ಕರೆದೊಯ್ದವರು ಅವರೇ. ರೋಕಾ ಕಾಲದಲ್ಲಿ ತಂಡ ದೊಡ್ಡ ಹೆಸರುಗಳ ಬೆನ್ನು ಹತ್ತಲಿಲ್ಲ, ಚಿಕ್ಕ ವಯಸ್ಸಿನ ಭಾರತೀಯ ಆಟಗಾರರನ್ನು ಕೂಡಿಹಾಕಿತು. 2020ರ ಬೇಸಿಗೆ ಕಳೆದ ಮೇಲೆ ಬಾರ್ಸಿಲೋನಾದಿಂದ ಕರೆ ಬಂದು ರೋಕಾ ಹೊರಟರು. ಅವರ ಜಾಗಕ್ಕೆ ಸ್ಪೇನ್‌ನವರೇ ಆದ ಮನೋಲೊ ಮಾರ್ಕೆಸ್ ಬಂದರು. ಹುಡುಗರು ಹಾಗೇ ಉಳಿದರು.

ಮಾರ್ಕೆಸ್ ಆ ಹುಡುಗರ ಮೇಲೆ ಭಾರ ಹಾಕಿದರು. ಎಡಬದಿಗೆ ಆಕಾಶ್ ಮಿಶ್ರಾ, ಬಲಬದಿಗೆ ಆಶಿಶ್ ರೈ. ಮಿಶ್ರಾಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. 2020–21ರಲ್ಲಿ ತಂಡ ಐದನೆಯ ಸ್ಥಾನಕ್ಕೆ ಬಂತು. ಮರುವರ್ಷ ಗೋಲು ಹೊಡೆಯಲು ನೈಜೀರಿಯಾದ ಬಾರ್ತೊಲೊಮ್ಯು ಒಗ್ಬೆಚೆ ಸೇರಿಕೊಂಡರು. 18 ಗೋಲು ಹೊಡೆದು ಆವೃತ್ತಿಯ ಗೋಲ್ಡನ್ ಬೂಟ್ ಗೆದ್ದರು.

ಫೈನಲ್ ನಡೆದದ್ದು 20 ಮಾರ್ಚ್ 2022ರಂದು, ಗೋವಾದ ಫತೋರ್ಡಾದಲ್ಲಿ. ಎದುರಿಗೆ ಕೇರಳ ಬ್ಲಾಸ್ಟರ್ಸ್, ಕ್ರೀಡಾಂಗಣದ ತುಂಬ ಅವರದೇ ಹಳದಿ. ಹಿಂದೆ ಬಿದ್ದಿದ್ದ ಹೈದರಾಬಾದಿಗೆ ಕೊನೆಯ ನಿಮಿಷಗಳಲ್ಲಿ ಸಾಹಿಲ್ ತವೋರಾ ದೂರದಿಂದ ಬೀಸಿದ ಹೊಡೆತ ಜೀವ ಕೊಟ್ಟಿತು. ಪೆನಾಲ್ಟಿ ಶೂಟೌಟ್‌ನಲ್ಲಿ ಗೋಲ್‌ಕೀಪರ್ ಲಕ್ಷ್ಮೀಕಾಂತ ಕಟ್ಟಿಮನಿ ಮೂರು ಹೊಡೆತ ತಡೆದರು. 3–1.

ಈ ಏರಿಕೆಯನ್ನು ಮೊದಲೇ ಕಾಣಬೇಕಿದ್ದವರು ನೋಡಬೇಕಿದ್ದದ್ದು ಮೂರೇ ಸಂಗತಿ: ಉಳಿದವರು ಯಾರು, ಅವರ ವಯಸ್ಸೆಷ್ಟು, ಅವರನ್ನು ಆಡಿಸುವವರು ಯಾರು. ಪಾಯಿಂಟ್ ಪಟ್ಟಿಯಲ್ಲಿ ಈ ಮೂರರಲ್ಲಿ ಒಂದೂ ಇರುವುದಿಲ್ಲ.

---

ಬಾಕ್ಸ್: ಹೈದರಾಬಾದ್ ಎಫ್‌ಸಿ, ಆರು ಆವೃತ್ತಿ

2019–20: 10 ತಂಡಗಳಲ್ಲಿ 10ನೇ ಸ್ಥಾನ
2020–21: 11ರಲ್ಲಿ 5ನೇ ಸ್ಥಾನ
2021–22: ಲೀಗ್‌ನಲ್ಲಿ 2ನೇ ಸ್ಥಾನ, ಫೈನಲ್ ಗೆದ್ದು ಚಾಂಪಿಯನ್
2022–23: ಲೀಗ್‌ನಲ್ಲಿ 2ನೇ ಸ್ಥಾನ, ಸೆಮಿಫೈನಲ್‌ನಲ್ಲಿ ಪೆನಾಲ್ಟಿಯಲ್ಲಿ ಸೋಲು
2023–24: 12ರಲ್ಲಿ 12ನೇ ಸ್ಥಾನ, 22 ಪಂದ್ಯಗಳಲ್ಲಿ 1 ಗೆಲುವು
2024–25: 13ರಲ್ಲಿ 12ನೇ ಸ್ಥಾನ
2025ರಲ್ಲಿ ಕ್ಲಬ್ ದೆಹಲಿಗೆ ಸ್ಥಳಾಂತರಗೊಂಡು ಹೆಸರನ್ನೂ ಬದಲಿಸಿಕೊಂಡಿತು.

---

ಇಳಿಕೆಯ ಸುಳಿವು ಇನ್ನೂ ಸ್ಪಷ್ಟವಾಗಿತ್ತು. 2022–23ರಲ್ಲಿ ಎರಡನೇ ಸ್ಥಾನ ಪಡೆದ ತಂಡ ಮರುವರ್ಷ ಕೊನೆಗೆ ಬಿತ್ತು. ಪಟ್ಟಿಯನ್ನಷ್ಟೇ ಓದಿದವರಿಗೆ ಇದು ಸಿಡಿಲು. ಆದರೆ ಮಾರ್ಕೆಸ್ ಆಗಲೇ ಗೋವಾ ತಂಡಕ್ಕೆ ಹೋಗಿದ್ದರು. ಆಶಿಶ್ ರೈ ಕೋಲ್ಕತ್ತಕ್ಕೆ, ಆಕಾಶ್ ಮಿಶ್ರಾ ಮುಂಬೈಗೆ. ಒಗ್ಬೆಚೆಯೂ ಇರಲಿಲ್ಲ. ಆಟಗಾರರಿಗೆ ಸಂಬಳ ಬಾಕಿ ಬಿತ್ತು, ಹೊಸಬರನ್ನು ಸೇರಿಸಿಕೊಳ್ಳದಂತೆ ಫಿಫಾ ನಿಷೇಧ ಬಂತು, ವಿದೇಶಿ ಆಟಗಾರರು ಋತುವಿನ ನಡುವೆಯೇ ಹೊರಟರು. ಚಾಂಪಿಯನ್ ತಂಡದ ಚಿಂಗ್ಲೆನ್‌ಸಾನಾ ಸಿಂಗ್, ನಿಖಿಲ್ ಪೂಜಾರಿ ಬೆಂಗಳೂರು ಎಫ್‌ಸಿಗೆ ಬಂದರು. ಉಳಿದ ಎಳೆಯರನ್ನು ಕಟ್ಟಿಕೊಂಡು ಕೋಚ್ ಥಾಂಗ್‌ಬೊಯ್ ಸಿಂಗ್ಟೊ ಮರ್ಯಾದೆಯಿಂದ ಹೋರಾಡಿದರು. ಅಂಥ ಸ್ಥಿತಿಯಲ್ಲಿ ಚೆನ್ನೈಯಿನ್ ವಿರುದ್ಧ ಗೆದ್ದ ಆ ಒಂದು ಪಂದ್ಯಕ್ಕೆ ನಾನು ದೊಡ್ಡ ಬೆಲೆ ಕೊಡುತ್ತೇನೆ.

ಋತುಪೂರ್ವ ಪಂದ್ಯದ ಮೋಸ

ಹಾಗಾದರೆ ಋತು ಶುರುವಾಗುವ ಮೊದಲು ಆಡುವ ಪಂದ್ಯಗಳನ್ನು ನೋಡಿದರೆ ಸಾಲದೇ? ಸಾಲದು. ಇದಕ್ಕೂ ಉದಾಹರಣೆ ಗಚ್ಚಿಬೌಲಿಯಲ್ಲೇ ಇದೆ.

ಸೆಪ್ಟೆಂಬರ್ 2022ರಲ್ಲಿ ಡುರಾಂಡ್ ಕಪ್ ಸೆಮಿಫೈನಲ್. ಬೆಂಗಳೂರು ತಂಡ ಹೈದರಾಬಾದನ್ನು 1–0ಯಿಂದ ಸೋಲಿಸಿತು. ಆ ಗೋಲೂ ಹೈದರಾಬಾದ್ ಡಿಫೆಂಡರ್ ಒಡೇ ಒನಾಯಿಂಡಿಯಾ ಕಾಲಿನಿಂದಲೇ ತಮ್ಮ ಬಲೆಗೆ ಹೋದದ್ದು. ಬೆಂಗಳೂರು ಮುಂದೆ ಮುಂಬೈಯನ್ನೂ ಮಣಿಸಿ ಕಪ್ ಎತ್ತಿತು. ತಿಂಗಳೊಂದು ಕಳೆದ ಮೇಲೆ ಲೀಗ್ ಪಂದ್ಯಕ್ಕೆ ಗಚ್ಚಿಬೌಲಿಗೆ ಬಂದಾಗ ಒಗ್ಬೆಚೆ ಗೋಲು ಹೊಡೆದು 1–0ಯಿಂದ ಸೋಲಿಸಿ ಕಳಿಸಿದರು.

ಅಷ್ಟಕ್ಕೇ ನಿಲ್ಲಲಿಲ್ಲ. ಕಪ್ ಗೆದ್ದಿದ್ದ ಬೆಂಗಳೂರು ಲೀಗ್‌ನ ಮೊದಲರ್ಧದಲ್ಲಿ ತಳ ಕಂಡಿತು. ಆಮೇಲೆ ಸತತ ಎಂಟು ಪಂದ್ಯ ಗೆದ್ದು ಫೈನಲ್‌ವರೆಗೂ ಹೋಯಿತು. ಆಗಸ್ಟ್‌ನಲ್ಲಿ, ನವೆಂಬರ್‌ನಲ್ಲಿ, ಫೆಬ್ರುವರಿಯಲ್ಲಿ ಆ ತಂಡದ ಬಲ ಅಳೆದವರಿಗೆ ಮೂರು ಬೇರೆ ಬೇರೆ ಉತ್ತರ ಸಿಕ್ಕಿರುತ್ತಿತ್ತು.

ಋತುಪೂರ್ವ ಪಂದ್ಯದಲ್ಲಿ ಫಲಿತಾಂಶಕ್ಕಿಂತ ಬೇರೆಯದನ್ನು ನೋಡಬೇಕು. ಕೋಚ್ ಯಾರನ್ನು ಯಾವ ಜಾಗದಲ್ಲಿ ಪ್ರಯತ್ನಿಸುತ್ತಿದ್ದಾರೆ? ಅರವತ್ತನೇ ನಿಮಿಷದ ಮೇಲೆ ಯಾರ ಕಾಲು ಸೋಲುತ್ತದೆ? ಚೆಂಡು ಕಳೆದುಕೊಂಡ ಕೂಡಲೇ ಎಷ್ಟು ಜನ ಹಿಂದಕ್ಕೆ ಓಡುತ್ತಾರೆ? ಇವು ಮೂರು ತಿಂಗಳ ನಂತರವೂ ಸುಳ್ಳಾಗುವುದಿಲ್ಲ.

ಮೇಷ್ಟ್ರು ಓದಿದ ಸೋಲು

ಎದುರಾಳಿಯನ್ನು ಓದುವ ವಿದ್ಯೆಯಲ್ಲಿ ಹೈದರಾಬಾದಿಗೆ ಒಂದು ದೊಡ್ಡ ಪರಂಪರೆ ಇದೆ. ಅದರ ಹೆಸರು ಸೈಯದ್ ಅಬ್ದುಲ್ ರಹೀಮ್. ವೃತ್ತಿಯಿಂದ ಶಾಲಾ ಮೇಷ್ಟ್ರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಅಲ್ಲಿನ ತಂಡಕ್ಕೆ ಆಡಿದವರು. ಅವರು ತರಬೇತಿ ಕೊಟ್ಟ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದಿತು. ಭಾರತ ತಂಡದ ಕೋಚ್ ಆಗಿ 1951ರ ಏಷ್ಯನ್ ಕ್ರೀಡಾಕೂಟದ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. 2024ರಲ್ಲಿ ತೆರೆಕಂಡ ‘ಮೈದಾನ್’ ಚಿತ್ರ ಅವರದೇ ಕಥೆ.

ಉಸ್ಮಾನಿಯಾ ಎಂದರೆ ನಮ್ಮ ಬೀದರ್, ಕಲಬುರಗಿ, ರಾಯಚೂರಿನವರಿಗೆ ಪರಕೀಯವಲ್ಲ. 1956ರ ನವೆಂಬರ್ 1ರವರೆಗೆ ಆ ಜಿಲ್ಲೆಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಅಲ್ಲಿನ ಎಷ್ಟೋ ಮನೆಗಳ ಅಜ್ಜಂದಿರು ಕಾಲೇಜು ಮೆಟ್ಟಿಲು ಹತ್ತಿದ್ದು ಅಲ್ಲೇ.

ರಹೀಮ್ ಸಾಹೇಬರ ನಿಜವಾದ ಪರೀಕ್ಷೆ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0–2 ಸೋಲು. ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗ್ ತಲೆ ಒಡೆದು ಹೊಲಿಗೆ ಬಿತ್ತು. ಹಿಂದೆ ನಿಂತು ಎದುರಾಳಿಗೆ ಡಿಕ್ಕಿ ಕೊಡಬೇಕಾದ ಆಟಗಾರ ತಲೆಗೆ ಪಟ್ಟಿ ಕಟ್ಟಿಕೊಂಡು ಕೂತಿದ್ದರು.

ರಹೀಮ್ ಜರ್ನೈಲ್ ಅವರನ್ನು ಮನೆಗೆ ಕಳಿಸಲಿಲ್ಲ, ಮುಂದಕ್ಕೆ ಕಳಿಸಿದರು. ಸೆಂಟರ್ ಫಾರ್ವರ್ಡ್ ಜಾಗದಲ್ಲಿ ನಿಲ್ಲಿಸಿದರು. ಜರ್ನೈಲ್ ಸೆಮಿಫೈನಲ್‌ನಲ್ಲಿ ದಕ್ಷಿಣ ವಿಯೆಟ್ನಾಂ ವಿರುದ್ಧ ಗೋಲು ಹೊಡೆದರು. 4 ಸೆಪ್ಟೆಂಬರ್ 1962ರ ಫೈನಲ್‌ನಲ್ಲಿ ಎದುರಾದದ್ದು ಮತ್ತೆ ಅದೇ ದಕ್ಷಿಣ ಕೊರಿಯಾ. ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಸಿಂಗ್ ಒಂದು. ಭಾರತ 2–1. ಆ ಬಳಗದಲ್ಲಿ ಸಿಕಂದರಾಬಾದಿನ ತುಳಸೀದಾಸ್ ಬಲರಾಮ್ ಇದ್ದರು, ನಮ್ಮ ಬೆಂಗಳೂರಿನ ಅರುಮೈನಾಯಗಂ ಇದ್ದರು.

ಮೊದಲ ಪಂದ್ಯದ 0–2ನ್ನು ನೋಡಿದವರು ಕೊರಿಯಾ ಮೇಲು ಎಂದು ಬರೆದುಕೊಂಡು ಮುಗಿಸುತ್ತಿದ್ದರು. ರಹೀಮ್ ಮೇಷ್ಟ್ರಿಗೆ ಅದು ತೊಂಬತ್ತು ನಿಮಿಷ ಎದುರಾಳಿಯನ್ನು ಹತ್ತಿರದಿಂದ ಓದಲು ಸಿಕ್ಕ ಅವಕಾಶವಾಯಿತು. ಒಂಬತ್ತೇ ತಿಂಗಳಿಗೆ, ಜೂನ್ 1963ರಲ್ಲಿ, ಕ್ಯಾನ್ಸರ್ ಅವರನ್ನು ಒಯ್ದಿತು. ಆ ಚಿನ್ನದ ನಂತರ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲ್ ಚಿನ್ನ ಭಾರತಕ್ಕೆ ಇವತ್ತಿನವರೆಗೂ ಮರಳಿಲ್ಲ.

ಅವರ ಇನ್ನೊಂದು ಪದ್ಧತಿಯನ್ನು ಕಾಲೇಜು ಕೋಚ್‌ಗಳು ಇಂದೂ ಅಳವಡಿಸಿಕೊಳ್ಳಬಹುದು. ದುರ್ಬಲ ಕಾಲಿನಿಂದ ಮಾತ್ರ ಚೆಂಡು ಒದೆಯಬೇಕೆಂಬ ಪಂದ್ಯಗಳನ್ನು, ಡ್ರಿಬಲ್ ಮಾಡಲೇಬಾರದೆಂಬ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ಇಂಥ ಅಭ್ಯಾಸ ಮಾಡಿದವನಿಗೆ ಎದುರಾಳಿಯ ದುರ್ಬಲ ಕಾಲು ಯಾವುದು ಎನ್ನುವುದು ವಾರ್ಮ್‌ಅಪ್‌ನಲ್ಲೇ ಕಣ್ಣಿಗೆ ಬೀಳುತ್ತದೆ.

---

ಬಾಕ್ಸ್: ಬಾಲಯೋಗಿ ಕ್ರೀಡಾಂಗಣ

ಡಿಸೆಂಬರ್ 2002ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಗಚ್ಚಿಬೌಲಿಯಲ್ಲಿ ಕಟ್ಟಿದ ಕ್ರೀಡಾಂಗಣ. ಅದೇ ವರ್ಷ ಮಾರ್ಚ್‌ನಲ್ಲಿ ಹೆಲಿಕಾಪ್ಟರ್ ಅಪಘಾತದಲ್ಲಿ ತೀರಿಕೊಂಡ ಲೋಕಸಭಾ ಸ್ಪೀಕರ್ ಜಿ.ಎಂ.ಸಿ. ಬಾಲಯೋಗಿ ಅವರ ಹೆಸರಿಟ್ಟರು. ಹೈದರಾಬಾದ್ ಎಫ್‌ಸಿಯನ್ನು ಗೆಲ್ಲಿಸಿದ್ದ ಮನೋಲೊ ಮಾರ್ಕೆಸ್ ಭಾರತದ ಕೋಚ್ ಆಗಿ ಮೊದಲ ಪಂದ್ಯ ಆಡಿಸಿದ್ದೂ ಇಲ್ಲೇ, ಸೆಪ್ಟೆಂಬರ್ 2024ರಲ್ಲಿ ಮಾರಿಷಸ್ ವಿರುದ್ಧ (0–0). 2024ರ ಡಿಸೆಂಬರ್ 31ರ ರಾತ್ರಿ ಇಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ರಾಬಿ ಹಾಂಸ್ದಾ ಇಂಜುರಿ ಟೈಮ್‌ನಲ್ಲಿ ಹೊಡೆದ ಗೋಲಿನಿಂದ ಪಶ್ಚಿಮ ಬಂಗಾಳ ಕೇರಳವನ್ನು 1–0ಯಿಂದ ಸೋಲಿಸಿತು.

---

ಕಾಲೇಜಿನ ಲೆಕ್ಕ ಬೇರೆ

ಕ್ಲಬ್ ಈಗ ಗಚ್ಚಿಬೌಲಿಯಲ್ಲಿಲ್ಲ. ಆದರೆ 1974ರಲ್ಲಿ ಶುರುವಾದ ಹೈದರಾಬಾದ್ ವಿಶ್ವವಿದ್ಯಾಲಯದ ವಿಶಾಲ ಕ್ಯಾಂಪಸ್ ಇದೆ, 1998ರಲ್ಲಿ ಬಂದ ಟ್ರಿಪಲ್ ಐಟಿ ಇದೆ. ಆಟ ಈಗ ಉಳಿದಿರುವುದು ಇಂಥ ಕ್ಯಾಂಪಸ್‌ಗಳ ಮೈದಾನಗಳಲ್ಲಿ. ಮತ್ತು ಕಾಲೇಜು ತಂಡದ ಬಲ ಅಳೆಯುವುದು ಕ್ಲಬ್ ಬಲ ಅಳೆಯುವುದಕ್ಕಿಂತ ಕಷ್ಟ.

ಕಾರಣ ಸರಳ. ಕ್ಲಬ್ಬಿನಿಂದ ಆಟಗಾರ ಹೋಗಬಹುದು, ಹೋಗದೆಯೂ ಇರಬಹುದು. ಕಾಲೇಜಿನಿಂದ ಅವನು ಹೋಗಲೇಬೇಕು. ಮೂರು ವರ್ಷದ ಪದವಿ ಮುಗಿದರೆ ಮುಗಿಯಿತು. ಎಂ.ಎ. ಸೇರಿ ಉಳಿದರೂ ವಿಶ್ವವಿದ್ಯಾಲಯದ ಪರವಾಗಿ ಆಡಲು ವಯಸ್ಸಿನ ಮಿತಿ ಇದೆ. ಹೋದ ವರ್ಷದ ಅಂತಿಮ ವರ್ಷದವರೆಲ್ಲ ಈ ವರ್ಷ ಇಲ್ಲ. ಹಾಗಾಗಿ ಎದುರಾಳಿಯ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಅವರು ಎಷ್ಟು ಗೆದ್ದರು ಎಂಬುದಲ್ಲ, ಗೆಲ್ಲಿಸಿದವರು ಯಾವ ವರ್ಷದಲ್ಲಿ ಓದುತ್ತಿದ್ದರು ಎಂಬುದು.

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಎಂದರೆ ಬೇರೆಯೇ ಆಟ, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು. ಆದರೆ ಪ್ರಶ್ನೆ ಇದೇ. ಅಲ್ಲಿ 1950ರಿಂದಲೂ ಋತುವಿಗೆ ಮುನ್ನವೇ ಪತ್ರಕರ್ತರು ಮತ ಹಾಕಿ ತಂಡಗಳಿಗೆ ಕ್ರಮಾಂಕ ಕೊಡುತ್ತಾರೆ. ಬಿಲ್ ಕಾನೆಲಿ ಎಂಬ ಬರಹಗಾರ ಇನ್ನೊಂದು ಲೆಕ್ಕವನ್ನು ಜನಪ್ರಿಯಗೊಳಿಸಿದ್ದಾರೆ: ಹೋದ ವರ್ಷದ ಸಾಧನೆಯಲ್ಲಿ ಎಷ್ಟು ಪಾಲು ಈ ವರ್ಷವೂ ತಂಡದಲ್ಲೇ ಉಳಿದವರದು? ನಮ್ಮ ಯಾವ ಪಿ.ಡಿ. ಸರ್ ಆದರೂ ಒಂದು ಹಾಳೆಯಲ್ಲಿ ಮಾಡಬಹುದಾದ ಲೆಕ್ಕ ಅದು.

ಹಣೆಪಟ್ಟಿ ನೋಡಿ ಮೋಸಹೋದದ್ದಕ್ಕೂ ಅಲ್ಲಿ ದೊಡ್ಡ ಉದಾಹರಣೆ ಇದೆ. 1 ಸೆಪ್ಟೆಂಬರ್ 2007. ದೇಶದ ಐದನೇ ಕ್ರಮಾಂಕದ ಮಿಷಿಗನ್ ತನ್ನದೇ ಮೈದಾನದಲ್ಲಿ, ಲಕ್ಷಕ್ಕೂ ಹೆಚ್ಚು ಜನರೆದುರು, ಕೆಳಗಿನ ದರ್ಜೆಯ ಅಪಲಾಚಿಯನ್ ಸ್ಟೇಟ್ ಎದುರು 32–34ರಿಂದ ಸೋತಿತು. ಇಡೀ ಅಮೆರಿಕ ಪವಾಡ ಎಂದಿತು. ಆದರೆ ಅಪಲಾಚಿಯನ್ ಸ್ಟೇಟ್ 2005, 2006ರಲ್ಲಿ ತನ್ನ ದರ್ಜೆಯ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ತಂಡ. ಗೆದ್ದು ರೂಢಿಯಾದ ಹುಡುಗರವರು. ಅವರ ಬಲ ಗುಟ್ಟಾಗಿರಲಿಲ್ಲ, ದರ್ಜೆಯ ಹೆಸರು ಕೇಳಿದ ಮೇಲೆ ಮುಂದಕ್ಕೆ ಯಾರೂ ಓದಿರಲಿಲ್ಲ.

ಹುಡುಗರು ಎಲ್ಲಿ ಆಡುತ್ತಾರೆ?

ನಮ್ಮ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಬರೋಣ. ಕರ್ನಾಟಕ, ತೆಲಂಗಾಣ, ಆಂಧ್ರ, ತಮಿಳುನಾಡು, ಕೇರಳ, ಎಲ್ಲ ಕಡೆಯ ವಿಶ್ವವಿದ್ಯಾಲಯಗಳು ಒಂದೇ ಊರಿಗೆ ಬಂದಿಳಿಯುತ್ತವೆ. ಮೊದಲು ನಾಕೌಟ್, ಕೊನೆಯ ನಾಲ್ವರ ನಡುವೆ ಲೀಗ್. ಅಲ್ಲಿಂದ ಅಖಿಲ ಭಾರತ ಮಟ್ಟಕ್ಕೆ. ಡ್ರಾ ಕೈಗೆ ಬಂದಾಗ ಕ್ಯಾಲಿಕಟ್, ಕೇರಳ, ಕಣ್ಣೂರು ಎಂಬ ಹೆಸರು ಕಂಡರೆ ನಮ್ಮ ಹುಡುಗರ ಮುಖ ಇಳಿಯುತ್ತದೆ.

ಆ ಹೆಸರುಗಳ ಹಿಂದಿನ ಬಲ ನಿಜ. ಆದರೆ ಅದು ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ಮಲಬಾರಿನ ಕಾಲೇಜುಗಳು ಸ್ಪೋರ್ಟ್ಸ್ ಕೋಟಾದಲ್ಲಿ ಆಟಗಾರರನ್ನು ಹುಡುಕಿ ತರುತ್ತವೆ. ಋತು ಮುಗಿದ ಮೇಲೂ ಆ ಹುಡುಗರು ಕಾಲು ತಣ್ಣಗೆ ಬಿಡುವುದಿಲ್ಲ, ಸೆವೆನ್ಸ್ ಆಡುತ್ತಾರೆ. ಏಳೇಳು ಮಂದಿಯ ಈ ಆಟ ನಮ್ಮ ಕಾಸರಗೋಡಿನ ಮೊಗ್ರಾಲ್‌ವರೆಗೂ ಜನರ ಉಸಿರು. ಚಿಕ್ಕ ಜಾಗದಲ್ಲಿ ಇಬ್ಬರ ನಡುವಿನಿಂದ ಚೆಂಡು ಬಿಡಿಸಿಕೊಳ್ಳುವುದು ಅಲ್ಲಿ ಕರಗತವಾಗುತ್ತದೆ. ಹನ್ನೊಂದು ಮಂದಿಯ ದೊಡ್ಡ ಮೈದಾನದಲ್ಲಿ ತೊಂಬತ್ತು ನಿಮಿಷ ಜಾಗ ಕಾಯುವುದು ಬೇರೆ ವಿದ್ಯೆ. ಸೆವೆನ್ಸ್‌ನಲ್ಲಿ ಮಿಂಚುವ ಹುಡುಗನನ್ನು ಅಂಚಿಗೆ ತಳ್ಳಿ, ಓಡಿಸಿ, ಹಿಂದಕ್ಕೆ ಬರುವಂತೆ ಮಾಡಿದರೆ ಅವನ ನಿಜವಾದ ಅಳತೆ ಸಿಗುತ್ತದೆ.

ಬೆಂಗಳೂರಿನ ಕಾಲೇಜುಗಳ ಬಲ ಬೇರೆ ಕಡೆ ಅಡಗಿದೆ. ಆಸ್ಟಿನ್ ಟೌನ್, ಹಲಸೂರಿನ ಗೌತಮಪುರದಂಥ ಕಡೆ ಬೆಳೆದ ಹುಡುಗರು ಕಾಲೇಜಿಗೆ ಆಡುವುದು ವರ್ಷಕ್ಕೆ ಕೆಲವೇ ವಾರ. ಉಳಿದ ದಿನ ಅವರು ಸೂಪರ್ ಡಿವಿಷನ್, ಎ ಡಿವಿಷನ್ ಕ್ಲಬ್ಬುಗಳಲ್ಲಿ ಪಳಗಿದ ಆಟಗಾರರ ಜೊತೆ, ಅವರ ಎದುರು ಆಡುತ್ತಾರೆ. ಕಾಲೇಜು ದಾಖಲೆಯಲ್ಲಿ ಅದು ಎಲ್ಲೂ ಬರುವುದಿಲ್ಲ. ಹೊರಗಿನ ತಂಡಗಳು ಬೆಂಗಳೂರಿನವರನ್ನು ಹಗುರವಾಗಿ ಎಣಿಸಲು ಇದೂ ಒಂದು ಕಾರಣ.

ಇನ್ನೊಂದು ಮಾತು. ಈ ಟೂರ್ನಿಗಳಲ್ಲಿ ಹೆಚ್ಚು ಬಿಡುವಿಲ್ಲದೆ ಪಂದ್ಯದ ಮೇಲೆ ಪಂದ್ಯ ಬರುತ್ತದೆ. ಹಾಗಿರುವಾಗ ಮೊದಲ ಹನ್ನೊಂದು ಮಂದಿಗಿಂತ ಬೆಂಚಿನಲ್ಲಿ ಕೂತ ಐದಾರು ಮಂದಿ ಮುಖ್ಯ. ಸ್ಟಾರ್ ಸ್ಟ್ರೈಕರ್ ಇರುವ ತಂಡಕ್ಕಿಂತ ಇಬ್ಬರು ಒಳ್ಳೆಯ ಗೋಲ್‌ಕೀಪರ್‌ಗಳಿರುವ ತಂಡಕ್ಕೆ ನಾನು ಹೆಚ್ಚು ಹೆದರುತ್ತೇನೆ. ಗೋಲ್‌ಕೀಪರ್, ನಡುವಿನ ಡಿಫೆಂಡರ್, ನಡುವಿನ ಮಿಡ್‌ಫೀಲ್ಡರ್: ಈ ಬೆನ್ನುಮೂಳೆ ಹೋದ ವರ್ಷದ್ದೇ ಆಗಿದ್ದರೆ ಸೋತ ತಂಡವನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಮೂವರೂ ಡಿಗ್ರಿ ಮುಗಿಸಿ ಹೋಗಿದ್ದರೆ ಚಾಂಪಿಯನ್ನರನ್ನೂ ಧೈರ್ಯವಾಗಿ ಎದುರಿಸಬಹುದು.

---

ಬಾಕ್ಸ್: 54 ವರ್ಷದ ನಂತರ

ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಬಾರಿ ಸಂತೋಷ್ ಟ್ರೋಫಿ ಗೆದ್ದಿದ್ದ ನಮ್ಮವರಿಗೆ 1968–69ರ ನಂತರ ಅದು ದಕ್ಕಿರಲಿಲ್ಲ. 4 ಮಾರ್ಚ್ 2023ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ ಟ್ರೋಫಿ ತಂದಿತು. ಕೋಚ್ ರವಿಬಾಬು ರಾಜು. ಅದಕ್ಕೂ ಮುನ್ನ ಸೆಮಿಫೈನಲ್‌ನಲ್ಲಿ ಸರ್ವಿಸಸ್ ತಂಡವನ್ನು ಮಣಿಸಿತ್ತು.

---

ಕಾಣದ ಸ್ಕೋರ್‌ಶೀಟ್

ಇಷ್ಟೆಲ್ಲ ಹೇಳಿದ ಮೇಲೆ ಒಂದು ಅಡ್ಡಿಯನ್ನು ಹೇಳಲೇಬೇಕು. ಹೈದರಾಬಾದ್ ಎಫ್‌ಸಿ ಬಗ್ಗೆ ನಿಮಿಷ ನಿಮಿಷದ ದಾಖಲೆ ಸಿಗುತ್ತದೆ. 1962ರ ಜಕಾರ್ತಾದ ಗೋಲು ಯಾವ ನಿಮಿಷದಲ್ಲಿ ಬಂತೆಂದು ಪುಸ್ತಕಗಳಲ್ಲಿದೆ. ಆದರೆ ಹೋದ ವರ್ಷ ದಕ್ಷಿಣ ವಲಯದಲ್ಲಿ ನಮ್ಮ ಎದುರಾಳಿ ವಿಶ್ವವಿದ್ಯಾಲಯಕ್ಕೆ ಗೋಲು ಹೊಡೆದವರು ಯಾರೆಂದು ಹುಡುಕಲು ಹೋದರೆ, ದೈಹಿಕ ಶಿಕ್ಷಣ ವಿಭಾಗದ ಕಡತದೊಳಗೆ ಮಡಚಿಟ್ಟ ಕಾಗದವೇ ಗತಿ. ಪತ್ರಿಕೆಯಲ್ಲಿ ಬರುವುದು ಫಲಿತಾಂಶದ ಒಂದು ಸಾಲು.

ಇದರಿಂದ ನಷ್ಟ ಕೋಚ್‌ಗಳಿಗೆ ಮಾತ್ರವಲ್ಲ. ಮೂರು ವರ್ಷ ಯೂನಿವರ್ಸಿಟಿ ಬ್ಲೂ ಆಗಿದ್ದ ಒಬ್ಬ ಡಿಫೆಂಡರ್ ಕ್ಲಬ್ ಟ್ರಯಲ್ಸ್‌ಗೆ ಹೋದಾಗ ಅವನ ಕೈಯಲ್ಲಿ ಪ್ರಮಾಣಪತ್ರವಷ್ಟೇ ಇರುತ್ತದೆ. ಅವನು ಯಾರನ್ನು ತಡೆದ, ಹೇಗೆ ತಡೆದ ಎನ್ನುವುದಕ್ಕೆ ಸಾಕ್ಷಿಯೇ ಇಲ್ಲ. ಇದು ಸರಿಪಡಿಸಲಾಗದ ಕೊರತೆಯಲ್ಲ. ಆತಿಥ್ಯ ವಹಿಸುವ ವಿಶ್ವವಿದ್ಯಾಲಯ ಪ್ರತಿ ಪಂದ್ಯದ ಸ್ಕೋರ್‌ಶೀಟನ್ನು ಅದೇ ಸಂಜೆ ತನ್ನ ಜಾಲತಾಣಕ್ಕೆ ಹಾಕಲಿ. ಆಟಗಾರನ ಹೆಸರಿನ ಮುಂದೆ ಅವನು ಯಾವ ವರ್ಷದ ವಿದ್ಯಾರ್ಥಿ ಎಂದು ನಮೂದಿಸಲಿ. ಮೈದಾನದ ನಡುಗೆರೆಯ ಎತ್ತರದಲ್ಲಿ ಒಂದು ಕ್ಯಾಮೆರಾ ನಿಲ್ಲಿಸಿ ಪೂರ್ತಿ ಪಂದ್ಯ ಚಿತ್ರೀಕರಿಸಲಿ. ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2022ರಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಅಂಥ ದೊಡ್ಡ ಕೂಟ ನಡೆಸಬಲ್ಲವರಿಗೆ ಇದು ಹೆಚ್ಚಿನ ಕೆಲಸವಲ್ಲ.

ಅಲ್ಲಿಯವರೆಗೆ ನಮ್ಮ ಕೋಚ್‌ಗಳಿಗೆ ಹಳೆಯ ದಾರಿಯೇ ಉಳಿದಿದೆ. ಟೂರ್ನಿಯ ಊರಿಗೆ ಒಂದು ದಿನ ಮೊದಲೇ ಇಳಿಯುವುದು, ಎದುರಾಳಿಯ ಮೊದಲ ಪಂದ್ಯಕ್ಕೆ ಇಬ್ಬರು ಹುಡುಗರಿಗೆ ನೋಟ್‌ಪುಸ್ತಕ ಕೊಟ್ಟು ಕೂರಿಸುವುದು. ಒಬ್ಬ ಕಾರ್ನರ್‌ಗಳನ್ನು ಬರೆದುಕೊಳ್ಳಲಿ, ಇನ್ನೊಬ್ಬ ಕೊನೆಯ ಮೂವತ್ತು ನಿಮಿಷ ಅವರ ಎಡಬದಿ ಬಲಬದಿಯ ಡಿಫೆಂಡರ್‌ಗಳನ್ನಷ್ಟೇ ನೋಡಲಿ.